ಅಪ್ಪ ಅಂಟಿಸಿದ ಕಿಂಡಿ

ಅತ್ತಿಗೆಯ ಕೆಲಸವೇನೆಂದು ಯಾರಾದರೂ ಕೇಳಿದರೆ ಅಪ್ಪ, "ನಮ್ಮ ಸೊಸೆ ಗಾಳಿ ಲೆಕ್ಕ ಹಾಕ್ತಾಳೆ" ಎಂದು ನಗುತ್ತಿದ್ದರು. "ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋದು ಅಂದ್ರೆ ಇದೇ." ಅತ್ತಿಗೆಯೂ ನಗುತ್ತಿದ್ದಳು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಕಾಗದ ತುಂಬಿದ ಕೋಣೆಗೆ ಬೆಂಕಿ ಬಿದ್ದರೆ ನೀರು ಸುರಿಯುವಂತಿಲ್ಲ. ಸಿಲಿಂಡರುಗಳಿಂದ ಗ್ಯಾಸ್ ನುಗ್ಗಿಸಿ ಆರಿಸುತ್ತಾರೆ. ಅಷ್ಟು ಗ್ಯಾಸ್ ಒಮ್ಮೆಲೇ ನುಗ್ಗಿದಾಗ ಒಳಗಿನ ಒತ್ತಡ ಎಷ್ಟು ಏರುತ್ತದೆ, ಗೋಡೆ ತಡೆಯುತ್ತದೆಯೇ, ಹೆಚ್ಚಾದದ್ದು ಹೊರಹೋಗಲು ಎಷ್ಟು ದೊಡ್ಡ ಕಿಂಡಿ ಬೇಕು ಎಂಬುದನ್ನು ಅತ್ತಿಗೆ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾಳೆ.

ಅಪ್ಪ ಪುಸ್ತಕ ಬೈಂಡ್ ಮಾಡುವ ಗ್ರಂಥಾಲಯದಲ್ಲೇ ಹಳೆಯ ಪತ್ರಿಕೆಗಳ ಕೋಣೆಗೆ ಈ ವ್ಯವಸ್ಥೆ ಬಂತು. ಆ ಕೋಣೆಗೂ ಅಪ್ಪನ ಮೇಜಿಗೂ ನಡುವೆ ಇರುವುದು ಒಂದು ತೆಳುಗೋಡೆ. ಹೊರಗೋಡೆಯಲ್ಲಿ ಅತ್ತಿಗೆ ಹೇಳಿದ ಅಳತೆಯ ಕಿಂಡಿ ಇಟ್ಟು, ಒತ್ತಡ ಏರಿದಾಗ ತಾನೇ ತೆರೆಯುವ ತಗಡಿನ ಮುಚ್ಚಳ ಹಾಕಿದ್ದರು.

ಗ್ಯಾಸ್ ಬಿಟ್ಟು ನೋಡುವ ಹಿಂದಿನ ದಿನ ಅತ್ತಿಗೆ ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಕೋಣೆಗೆ ಗಾಳಿ ತುಂಬಿದಳು. ಕೈಜೋಡಿಸಲು ನಾನೂ ಹೋಗಿದ್ದೆ. ಮುಚ್ಚಳ ತೆರೆದರೆ ಅವಳ ಕಂಪ್ಯೂಟರ್ ಪರದೆಯ ಮೇಲೆ ಒತ್ತಡ ತೋರಿಸುವ ಗೆರೆ ಬಾಗಬೇಕಿತ್ತು. ಅದು ಏರುತ್ತಲೇ ಹೋಯಿತು.

"ಗಾಳಿ ಹೊರಗೆ ಹೋಗ್ತಿಲ್ಲ ಅಂದ್ರೆ ಒಳ್ಳೇದೇ ಅಲ್ವಾ?" ಎಂದರು ಗ್ರಂಥಪಾಲಕರು.

"ಕುಕ್ಕರ್ ವಿಷಲ್ ಮೇಲೆ ಕಲ್ಲು ಇಟ್ಟ ಹಾಗಾಗುತ್ತೆ ಸರ್. ಬೆಂಕಿ ಬಿದ್ದ ದಿನ ಆ ಗೋಡೆ ಉರುಳುತ್ತೆ. ಆಚೆ ಕೂತಿರೋದು ನಮ್ಮ ಮಾವ."

ಅತ್ತಿಗೆ ಏಣಿ ಹತ್ತಿ ನೋಡಿದರೆ ಮುಚ್ಚಳದ ಅಂಚಿಗೆಲ್ಲ ಬೈಂಡಿಂಗ್ ಬಟ್ಟೆ! ಗೋಡೆಯದೇ ಬಣ್ಣ, ಒಂದು ಸುಕ್ಕಿಲ್ಲ. ಅಂಥ ಕೈ ಅಲ್ಲಿ ಒಬ್ಬರದೇ. ಫ್ಯಾನಿನ ಸದ್ದು ಕೇಳಿ ಬಂದಿದ್ದ ಅಪ್ಪನ ಮುಖ ಸಣ್ಣದಾಯಿತು.

"ಸಂದಿಯಿಂದ ಧೂಳು ಬರ್ತಿತ್ತಮ್ಮಾ. ಅಜ್ಜನ ಕಾಲದ ಪತ್ರಿಕೆಗಳು..."

"ಅಂಟಿಸಿದ್ದು ಚೆನ್ನಾಗಿದೆ ಮಾವ, ಅದೇ ತೊಂದರೆ. ನನ್ನ ಕೈಲಿ ಕೀಳಕ್ಕಾಗ್ತಿಲ್ಲ, ನೀವೇ ಬಿಡಿಸಿ."

ಅಪ್ಪ ಒದ್ದೆ ಬಟ್ಟೆ ಒತ್ತಿ, ಚಾಕು ಆಡಿಸಿ ಬಿಡಿಸಿದರು. ಅತ್ತಿಗೆ ಏಣಿ ಹಿಡಿದು ನಿಂತಿದ್ದಳು. ಮತ್ತೆ ಫ್ಯಾನ್ ಹಾಕಿದಾಗ ಗೆರೆ ಬಾಗಿತು. ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ.

ಮರುದಿನ ಎಲ್ಲರೂ ಅಂಗಳದಲ್ಲಿ ನಿಂತೆವು. ಒಳಗೆ ಗ್ಯಾಸ್ ಭುಸ್ಸೆಂದಿತು. ತಗಡು ಫಟ್ಟೆಂದು ತೆರೆದು, ಸ್ವಲ್ಪ ಹೊತ್ತಿಗೆ ಮುಚ್ಚಿಕೊಂಡಿತು. ನಮ್ಮನ್ನು ಒಳಗೆ ಹೋಗಲು ಬಿಟ್ಟಕೂಡಲೇ ಅಪ್ಪ ತಮ್ಮ ಗೋಡೆಯನ್ನು ಉದ್ದಕ್ಕೂ ಸವರಿ ನೋಡಿದರು. ಎಲ್ಲೂ ಬಿರುಕಿರಲಿಲ್ಲ.

ಸಂಜೆ ಪಕ್ಕದ ಮನೆಯವರು ಗೇಟಿನ ಬಳಿ, "ಸೊಸೆ ಇನ್ನೂ ಬಂದಿಲ್ವಾ? ಅದೇನು ಕೆಲಸವೋ!" ಎಂದರು.

"ನಮ್ಮ ಸೊಸೆ ಗಾಳಿ ಲೆಕ್ಕ ಹಾಕ್ತಾಳೆ," ಎಂದರು ಅಪ್ಪ.

ಅವರು ವಾಡಿಕೆಯಂತೆ ನಕ್ಕರು. ಅಪ್ಪ ನಗಲಿಲ್ಲ.

"ನಾನು ದಿನಾ ಆ ಗೋಡೆ ಪಕ್ಕ ನಿಶ್ಚಿಂತೆಯಾಗಿ ಕೂರ್ತೀನಲ್ಲ, ಅವಳ ಲೆಕ್ಕ ನಂಬ್ಕೊಂಡೇ."