ಬೂತಾಯಿ ಬಾರದ ಮೂರು ವಾರ

ನಾನು ಮೀನು ತಿನ್ನುವವಳಲ್ಲ. ಆದರೂ ವಾರಕ್ಕೆರಡು ಸಲ ಅರ್ಧ ಕೆಜಿ ಬೂತಾಯಿ ಕೊಳ್ಳುತ್ತಿದ್ದೆ. (ನಮ್ಮ ಸಂಬಂಧಿಕರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಬೆಕ್ಕಿಗೆ, ಮಾರಾಯ್ರೆ! ಚಾರ್ಮಾಡಿ ಘಾಟಿ ಹತ್ತಿ ಬರುವ ಹಮೀದನ ಮೀನಿನ ಪಿಕಪ್ ಬಣಕಲ್‌ನ ನಮ್ಮ ಗೇಟಿನೆದುರು ಹಾರ್ನ್ ಹೊಡೆಯುತ್ತಿತ್ತು. ನಾನು ಪಾತ್ರೆ ಹಿಡಿದು ಓಡುತ್ತಿದ್ದೆ. ಬೆಕ್ಕಿಗಿಂತ ಮೊದಲು ನಾನೇ.

ನಾನು ರಿಟೈರ್ಡ್ ಸೈನ್ಸ್ ಟೀಚರ್. ಮದುವೆಯಾಗಲಿಲ್ಲ, ಅದಕ್ಕೆ ಬೇಸರವೂ ಇಲ್ಲ. ಆದರೆ ದಿನವಿಡೀ ಬಾಯಿ ತೆರೆಯದೆ ಕೂತು, ಸಂಜೆ ಫೋನ್ ಬಂದಾಗ ಗಂಟಲಿನಿಂದ ಸ್ವರವೇ ಹೊರಡುವುದಿಲ್ಲವಲ್ಲ, ಅದಕ್ಕೆ ಬೇಸರವಿದೆ. ಕೆಮ್ಮಿ ಸರಿಮಾಡಿಕೊಂಡು ಹಲೋ ಎಂದರೆ ಆ ಕಡೆ ಸಾಲ ಬೇಕೇ ಎಂದು ಕೇಳುವ ಹುಡುಗಿ!

ಹಮೀದ್ ನಿಂತರೆ ಹತ್ತು ನಿಮಿಷ ಮಾತು. ಅವನ ಭಾವ ಬೋಟಿನಲ್ಲಿ ದುಡಿಯುವವನು. ಮಳೆಗಾಲದಲ್ಲಿ ದಡದ ಹತ್ತಿರ ನೀರು ತಣ್ಣಗಾಗಿ ಹಸಿರು ತಿರುಗಿದರೆ ಬೂತಾಯಿ ಬಂತೆಂದೇ ಲೆಕ್ಕ ಎನ್ನುತ್ತಾನಂತೆ. ಅದು ಯಾಕೆ ಟೀಚರ್ ಎಂದು ಕೇಳಿದ. ಯಾರಾದರೂ ನನ್ನನ್ನು ‘ಯಾಕೆ’ ಎಂದು ಕೇಳಿ ಎಷ್ಟು ವರ್ಷವಾಗಿತ್ತು!

ಹುಡುಕಿ ಓದಿದೆ. ಮುಂದಿನ ಸಲ ಗೇಟಿನಲ್ಲೇ ಪಾಠ. ದಡದುದ್ದಕ್ಕೂ ಬೀಸುವ ಗಾಳಿ, ಜೊತೆಗೆ ಭೂಮಿಯ ತಿರುಗುವಿಕೆ, ಎರಡೂ ಸೇರಿ ಮೇಲಿನ ನೀರನ್ನು ಆಚೆಗೆ ತಳ್ಳುತ್ತವೆ. ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಬರುವಾಗ ಕೆಳಗೆ ಕೊಳೆತು ಸೇರಿದ್ದ ಸತ್ವವನ್ನೂ ತರುತ್ತದೆ. ತೋಟಕ್ಕೆ ಗೊಬ್ಬರ ಕೊಟ್ಟ ಹಾಗೆ. ಬಿಸಿಲು ಸಿಕ್ಕಿತೋ, ಕಣ್ಣಿಗೆ ಕಾಣದ ಸಸ್ಯಗಳು, ಅಂದರೆ ಪ್ಲಾಂಕ್ಟನ್, ಕೋಟಿಗಟ್ಟಲೆ ಬೆಳೆಯುತ್ತವೆ. ಬೂತಾಯಿಗೆ ಅದೇ ಊಟ. ಉಳಿದದ್ದು ಅಲ್ಲೇ ನಿಲ್ಲುವುದಿಲ್ಲ. ಸುಳಿ, ಪ್ರವಾಹಗಳು ಅದನ್ನು ದೂರದ ನಡುಗಡಲಿಗೆ ಒಯ್ಯುತ್ತವೆ.

ಹಮೀದ್ ತಕ್ಕಡಿ ಹಿಡಿದೇ ಯೋಚಿಸಿದ.

“ಹಾಗಾದ್ರೆ ನಡು ಕಡಲಿಗೆ ಅದರದ್ದೇ ಅಂತ ಏನೂ ಇಲ್ವಾ ಟೀಚರ್?”

ಇದೆ, ಬಹಳ ಕಡಿಮೆ ಎಂದೆ. ತಳ ಎಷ್ಟೋ ಆಳದಲ್ಲಿ, ಅಲ್ಲಿನ ಸತ್ವ ಮೇಲಕ್ಕೆ ಎಟುಕುವುದಿಲ್ಲ. ದಡದಿಂದ ಬಂದದ್ದು ದೊಡ್ಡ ಆಸರೆ.

“ಪಾಪ. ನೋಡ್ಲಿಕ್ಕೆ ಮಾತ್ರ ಚಂದ ನೀಲಿ ಉಂಟು,” ಅಂದ.

ನನ್ನನ್ನೇ ನೋಡಿ ಹೇಳಿದ ಹಾಗಿತ್ತು.

ಮೇ ತಿಂಗಳಲ್ಲಿ ಬೆಕ್ಕು ಸತ್ತಿತು. ಹಮೀದನಿಗೆ ಹೇಳಲಿಲ್ಲ. ಹೇಳಿದರೆ ಗಾಡಿ ಯಾಕೆ ನಿಲ್ಲಬೇಕು? ಮೀನು ಕೊಳ್ಳುತ್ತಲೇ ಇದ್ದೆ. ನಮ್ಮ ಮನೆಯ ಹಿಂದಿರುವ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿರುವ ಸುಶೀಲಳಿಗೆ ಕೊಡುತ್ತಿದ್ದೆ.

ಕಳೆದ ತಿಂಗಳು ಹಾರ್ನ್ ನಿಂತಿತು. ಒಂದು ವಾರ, ಎರಡು, ಮೂರು. ನಾನು ಟೀಚರ್ ಅಲ್ಲವೇ, ಕಾರಣ ಕಂಡುಹಿಡಿದೆ! ಈ ಸಲ ಗಾಳಿ ಕೈಕೊಟ್ಟಿದೆ, ಆಳದ ನೀರು ಮೇಲೆ ಬಂದಿಲ್ಲ, ಮೀನೇ ಇಲ್ಲ. ಬಸ್‌ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಸುಶೀಲಳಿಗೂ ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು.

“ಮೀನಿಗೇನು ಬರ ಟೀಚರ್? ಹಿಂದಿನ ರೋಡಲ್ಲಿ ನಮ್ಮ ಲೈನಿಗೆ ಬರ್ತಾನೇ ಇದಾನೆ. ಬೆಕ್ಕು ಸತ್ತಿದ್ದು ನಾನೇ ಬಾಯ್ತಪ್ಪಿ ಹೇಳ್ಬಿಟ್ಟೆ. ಅದಕ್ಕೆ ಹಮೀದ್, ಟೀಚರ್ ನನ್ನ ಮುಖ ನೋಡಿ ಸುಮ್ನೆ ತಗೊಳ್ತಿದ್ರು, ಇನ್ನು ಅವರಿಗೆ ತೊಂದ್ರೆ ಕೊಡಬಾರ್ದು ಅಂದ.”

ನನ್ನ ಮೇಲಿನ ಗೌರವದಿಂದಲೇ ಅವನು ನಮ್ಮ ಗೇಟಿಗೆ ಬರುವುದನ್ನು ಬಿಟ್ಟಿದ್ದ! ನಾನು ಪಾಪದ ಕಡಲಿನ ಮೇಲೆ ತಪ್ಪು ಹೊರಿಸಿದ್ದೆ. ನಾಚಿಕೆಯೂ ಆಯಿತು, ಅಳುವೂ ಬಂತು.

ಮರುದಿನ ಲೈನಿನ ರಸ್ತೆಯಲ್ಲಿ ಹೋಗಿ ನಿಂತೆ. ಪಿಕಪ್ ಬಂತು. ಹಮೀದ್ ತಲೆ ತಗ್ಗಿಸಿಕೊಂಡು ತಕ್ಕಡಿಗೆ ಕೈಹಾಕಿದ.

“ಮೀನು ಬೇಡ ಹಮೀದ್,” ಎಂದೆ. “ನಂಗೆ ಮಾತಾಡೋಕೆ ಯಾರೂ ಇಲ್ಲ. ಹತ್ತು ನಿಮಿಷ ನಿಲ್ಸಿ ಹೋಗು ಮಾರಾಯ.”

ಅವನು ತಕ್ಕಡಿ ಕೆಳಗಿಟ್ಟ. ಇಂಜಿನ್ ಆಫ್ ಮಾಡಿದ.

ಗ್ಯಾಸ್ ಮುಗಿದರೆ ಪಕ್ಕದ ಮನೆಗೆ ಕೂಗಿ ಹೇಳುತ್ತೇವೆ, ಮಾತು ಮುಗಿದರೆ ಯಾಕೆ ಹೇಳುವುದಿಲ್ಲ?