ಗೋಡೆಯಾಚೆಯ ಮಗಳು

ಅಮ್ಮತ್ತಿ ಸಮೀಪದ ಎಸ್ಟೇಟೊಂದರಲ್ಲಿ ಲಿಂಗಿ ನಲವತ್ತು ವರ್ಷ ಕಾಫಿ ಕೊಯ್ದವಳು. ಅಲ್ಲಿನ ಕೂಲಿಕಾರರ ಲೈನುಮನೆಯ ಅಂತೋಣಿಯನ್ನು ಮದುವೆಯಾದರೂ ಹಣೆಯ ಕುಂಕುಮ ಬಿಟ್ಟವಳಲ್ಲ. ಚೊಚ್ಚಲ ಹೆಣ್ಣುಮಗು ಮೂರನೇ ದಿನಕ್ಕೇ ತೀರಿಕೊಂಡಾಗ, ಜ್ಞಾನಸ್ನಾನ ಆಗಿಲ್ಲವೆಂದು ಆಗಿನ ಪಾದ್ರಿ ಚರ್ಚಿನ ಸಮಾಧಿ ಜಾಗದಲ್ಲಿ ಹೂಳಲು ಬಿಡಲಿಲ್ಲ. ಗೋಡೆಯಾಚೆ, ಕಾಫಿಗಿಡಗಳ ನಡುವೆ, ಅಂತೋಣಿಯೇ ಗುಂಡಿ ತೋಡಿದ. ಮುಂದೆ ಅವನು ಸತ್ತಾಗ ಅವನಿಗೆ ಒಳಗೆ ಜಾಗ ಸಿಕ್ಕಿತು. ಅಪ್ಪ ಒಳಗೆ, ಮಗಳು ಹೊರಗೆ.

ಹೋದ ವರ್ಷ ಎಸ್ಟೇಟು ಕೈ ಬದಲಾಯಿತು. ಹೊಸ ಸಾಹುಕಾರರು ಚರ್ಚಿನ ಗೋಡೆಗೆ ಒತ್ತಿ ಆನೆಬೇಲಿ ಹಾಕಿಸಲು ಹೊರಟರು. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಕಿರಣ್‌ಕುಮಾರ್ ಸುಣ್ಣದ ಗೆರೆ ಎಳೆಯುತ್ತ ಬಂದರೆ, ಮಗುವನ್ನು ಹೂತ ಜಾಗದಲ್ಲಿ ಲಿಂಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಏಳಿ ಲಿಂಗಕ್ಕ, ಇದು ಎಸ್ಟೇಟ್ ಜಾಗ."

"ನಿಮ್ ಸಾಹುಕಾರ್ರು ಬಂದಿದ್ದು ಮೊನ್ನೆ ಸಾರ್. ನನ್ ಮಗಳು ಇಲ್ಲಿಗೆ ಬಂದು ಮೂವತ್ತೆಂಟು ವರ್ಷ ಆಯ್ತು. ಜೆಸಿಬಿ ತರ್ತೀರಾ? ತನ್ನಿ. ನಾನಂತೂ ಏಳಲ್ಲ."

ಗಲಾಟೆ ಕೇಳಿ ಈಗಿನ ಫಾದರ್ ಓಡಿಬಂದರು. ಚಿಕ್ಕ ವಯಸ್ಸಿನವರು. "ಅಮ್ಮಾ, ಆ ಹಳೇ ಕಟ್ಟಳೆ ಈಗಿಲ್ಲ. ಮಗೂನ ತೆಗೆದು ಅವಳಪ್ಪನ ಪಕ್ಕದಲ್ಲೇ ಇಡೋಣ."

"ಕೈಲಿ ಎತ್ಕೊಂಡು ಬಂದಾಗ ಬೇಡ ಅಂದ್ರಿ. ಈಗ ಮೂಳೆ ಹೆಕ್ಕೋಕೆ ಬರ್ತೀರಾ? ಅವಳು ಅಲ್ಲಾಡಲ್ಲ ಫಾದರ್. ಬೇಕಾದ್ರೆ ನಿಮ್ ಗೋಡೆನೇ ಬರ್ಲಿ."

ಆ ಮಾತು ಫಾದರಿಗೆ ನಾಟಿತು. ಚರ್ಚಿನ ಹಳೆಯ ಬೀರು ತಡಕಿದಾಗ ಜಾಗದ ದಾನಪತ್ರ ಸಿಕ್ಕಿತು. ಹಿಂದೆ ಎಸ್ಟೇಟಿನ ಒಡೆಯನಾಗಿದ್ದ ಬಿಳಿಯ ದೊರೆ ಕೊಟ್ಟಿದ್ದು ಕಾಫಿಗಿಡಗಳಾಚೆ ಹರಿಯುವ ತೋಡಿನ ಅಂಚಿನವರೆಗೆ; ಕಲ್ಲು ಸಾಲದೆ ಗೋಡೆ ಅರ್ಧ ಜಾಗಕ್ಕೇ ನಿಂತಿತ್ತು, ಉಳಿದದ್ದರಲ್ಲಿ ಎಸ್ಟೇಟಿನವರು ಕಾಫಿ ನೆಟ್ಟಿದ್ದರು. ಸರ್ವೆಯವರು ಬರಲು ಹದಿನೇಳು ದಿನ ಹಿಡಿಯಿತು. ಅಷ್ಟೂ ದಿನ ಲಿಂಗಿ ಬುತ್ತಿ ಕಟ್ಟಿಕೊಂಡು ಬಂದು ಅಲ್ಲೇ ಕೂತಳು. ಕೊನೆಗೆ ತೋಡಿನ ಪಕ್ಕದ ಪೊದೆಯಲ್ಲಿ ಗಡಿಕಲ್ಲು ಸಿಕ್ಕಿತು, ಅವಳು ಕೂತಲ್ಲಿಂದ ಇಪ್ಪತ್ತು ಹೆಜ್ಜೆ ಆಚೆಗೆ. ಸಾಹುಕಾರರು ಗೊಣಗುತ್ತಲೇ ಬೇಲಿಯನ್ನು ತೋಡಿನಾಚೆಗೆ ಸರಿಸಿದರು.

ಬೇಸಿಗೆಯಲ್ಲಿ ಮೇಸ್ತ್ರಿಗಳು ಹಳೆಯ ಗೋಡೆ ಒಡೆದು ತೋಡಿನ ಅಂಚಿಗೆ ಹೊಸದು ಕಟ್ಟಿದರು. ಕೆಲಸ ಮುಗಿದ ದಿನ ಫಾದರ್ ಮೆಲ್ಲಗೆ ಕೇಳಿದರು, "ಅಮ್ಮಾ, ಮಗುಗೊಂದು ಶಿಲುಬೆ ಇಡ್ಲಾ?"

"ಇಡಿ. ಅವಳಪ್ಪನಿಗೂ ಖುಷಿಯಾಗುತ್ತೆ," ಎಂದಳು ಲಿಂಗಿ. "ಆದ್ರೆ ಅದಕ್ಕೆ ಕುಂಕುಮ ಹಚ್ಚೋಳು ನಾನು. ಯಾರೂ ಒರೆಸ್ಬಾರ್ದು."