ಹಿಡಿ ಇಲ್ಲದ ಕೈಪಂಪು

ಜಕ್ಕೂರಿನಲ್ಲಿ ನಮ್ಮ ಹೊಲವಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿದೆ. ನಾನಿರುವುದೂ ಅಲ್ಲೇ. ಗೇಟಿನೆದುರು ಊರಿನ ಹಳೇ ಕೈಪಂಪು. ಅದಕ್ಕೀಗ ನೀಲಿ ಬಣ್ಣ, ಸುತ್ತ ಚೆಂಡುಹೂವಿನ ಪಾತಿ, ‘ನಮ್ಮ ಊರಿನ ಪರಂಪರೆ’ ಎಂಬ ಫಲಕ. ಹಿಡಿ ಮಾತ್ರ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹಿಡಿ ಹೋಗಲು ಕಾರಣ ನಾನು. ಹೊಸದು ಹಾಕಿಸಿ ಎಂದು ಕೇಳಿದರೆ ನಿಜ ಹೇಳಬೇಕಾಗುತ್ತದೆ, ಅದಕ್ಕೇ ಇನ್ನೂ ಕೇಳಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಪಂಪನ್ನು ಚಂದ ಮಾಡಲು ಹೊರಟರು. ನೀರು ಬಂದರೆ ಬಳಕೆಗೆ ಬಿಡೋಣ, ಬರದಿದ್ದರೆ ಹಿಡಿ ತೆಗೆಸೋಣ, ಮಕ್ಕಳು ಬೆರಳು ಸಿಕ್ಕಿಸಿಕೊಳ್ಳುವುದು ಬೇಡ ಎಂದು ಮಾತಾಯಿತು.

“ನೀವು ಇದೇ ಊರವ್ರಲ್ವಾ ಸರ್, ನೀವೇ ಹೊಡ್ದು ನೋಡಿ” ಎಂದರು ಕಾರ್ಯದರ್ಶಿ.

ನಾನು ಆ ಪಂಪಿನ ನೀರು ಕುಡಿದೇ ಬೆಳೆದವನು. ಬೇಸಿಗೆಯಲ್ಲಿ ನಲವತ್ತು ಸಲ ಒತ್ತದೆ ನೀರು ಮೇಲೆ ಬರುವುದಿಲ್ಲ. ಅಮ್ಮ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು, ನಾನು ಒತ್ತುತ್ತಿದ್ದೆ. ಮರೆತಿರಲಿಲ್ಲ. ಆದರೆ ಆ ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದೆ, ಹತ್ತು ಜನ ನೋಡುತ್ತಿದ್ದರು. ಹನ್ನೆರಡನೇ ಸಲಕ್ಕೇ ಏದುಸಿರು ಬಂತು, ಬೆನ್ನು ಒದ್ದೆಯಾಯಿತು. ಇವರೆದುರು ಹಳ್ಳಿಗಮಾರನ ಹಾಗೆ ಬೆವರುತ್ತ ನಿಲ್ಲುವುದು ಬೇಡವೆನಿಸಿತು.

“ಬತ್ತೋಗಿದೆ ಬಿಡಿ” ಎಂದೆ. ಸಂಜೆಯೊಳಗೆ ಹಿಡಿ ಗುಜರಿಗೆ ಹೋಯಿತು.

ಮಾರನೇ ದಿನ ಬೆಳಿಗ್ಗೆ ವಾಕಿಂಗಿಗೆ ಹೊರಟೆ. ಪಂಪಿನ ಮುಂದೆ ಎರಡು ಖಾಲಿ ಕೊಡ ಇಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ರಾಯಚೂರು ಕಡೆಯವಳು, ಹಿಂದಿನ ರಸ್ತೆಯ ಕಟ್ಟಡದ ಕೆಲಸಕ್ಕೆಂದು ಬಂದು ತಗಡಿನ ಶೆಡ್ಡಿನಲ್ಲಿದ್ದಳು.

“ಇದರ ಹಿಡಕಿ ಎಲ್ಲಿ ಹೋತ್ರಿ? ದಿನಾ ನೀವೆಲ್ಲಾ ಏಳೂದ್ರೊಳಗ ನೀರು ಒಯ್ತಿದ್ವಿ. ನಲವತ್ತು ಸಲ ಹೊಡದ್ರ ಬರತಿತ್ತು. ಇನ್ನ ಹೈವೇ ದಾಟಿ ಹೋಗಬೇಕ್ರಿ. ಶೆಡ್ಡಿನ್ಯಾಗ ಕೂಸು ಒಂದೇ ಮಲಗೇದ.”

“ನೀರು ಬರ್ತಿಲ್ಲ ಅಂತ ತೆಗ್ಸಿದ್ರಂತಮ್ಮ” ಎಂದೆ, ತೆಗೆಸಿದವರು ಬೇರೆ ಯಾರೋ ಎಂಬಂತೆ.

“ಹೊರಗಿನ ಮಂದಿಗೆ ಏನು ಗೊತ್ತಾಗತೈತ್ರಿ” ಎಂದಳು. “ಇದು ನಿಮ್ಮದೇ ಹೊಲ ಇತ್ತಂತ ವಾಚ್‌ಮನ್ ಹೇಳ್ತಿದ್ದ್ರಿ. ನೀವು ಇದ್ದಿದ್ರ ಹೇಳ್ತಿದ್ರಿ.”

“ಹೌದಮ್ಮ, ನಾನಿರ್ಲಿಲ್ಲ” ಎಂದೆ.